ಲೋ ಸೋಡಿಯಂ ಉಪ್ಪು: ಹತ್ತು ತಿಂಗಳು ನಮ್ಮ ಅಡುಗೆಮನೆಯಲ್ಲಿ ಬಳಸಿದ ಮೇಲೆ

ನಮ್ಮನೆಯಲ್ಲಿ ಹತ್ತು ತಿಂಗಳಿಂದ ಲೋ ಸೋಡಿಯಂ ಉಪ್ಪು ಬಳಸುತ್ತಿದ್ದೇವೆ. ಮೊನ್ನೆ ಹನ್ನೊಂದನೇ ಪ್ಯಾಕೆಟ್ ಒಡೆದೆವು. ನಾಲ್ಕು ಜನರ ಮನೆ, ತಿಂಗಳಿಗೆ ಹೆಚ್ಚೂಕಡಿಮೆ ಒಂದು ಕೆಜಿ ಬೇಕು. ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ಮೂರು ಕಂಪನಿಯದ್ದು ಬದಲಾಯಿಸಿ ಬದಲಾಯಿಸಿ ನೋಡಿದ್ದೇವೆ, ನಾನು ಹೇಳಬೇಕೆಂದಿರುವುದು ಈ ಬಗೆಯ ಉಪ್ಪಿನ ಬಗ್ಗೆ. ಐದಕ್ಕೆ ಎಷ್ಟು ಅಂತ ಕೇಳಿದರೆ ನಾಲ್ಕು ಕೊಡುತ್ತೇನೆ. ಒಂದನ್ನು ಯಾಕೆ ಕಳೆದೆ ಅನ್ನುವುದನ್ನೂ ಹೇಳುತ್ತೇನೆ, ಅದು ರುಚಿಯ ವಿಷಯ ಅಲ್ಲ.

ಮುಂದೆ ಓದುವ ಮೊದಲು ಒಂದು ಮಾತು. ಕಿಡ್ನಿ ತೊಂದರೆ ಇರುವವರು, ಪೊಟ್ಯಾಸಿಯಂ ಹಿಡಿದಿಡುವ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಈ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲನ್ನು ತೆಗೆದು ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಕಿಡ್ನಿ ಸರಿ ಇದ್ದವರಲ್ಲಿ ಹೆಚ್ಚಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗಿಬಿಡುತ್ತದೆ. ಕಿಡ್ನಿ ಸೋತವರಲ್ಲಿ ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. ಕಿಡ್ನಿ ಪೇಷಂಟ್‌ಗಳಿಗೆ ಎಳನೀರು ಕುಡಿಯಬೇಡಿ ಅಂತಾರಲ್ಲ, ಅದೇ ಕಾರಣ.

ನಾವು ಇದಕ್ಕೆ ಬಂದದ್ದು ಮಾವನವರಿಂದ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಾಫಿ ಲೋಟ ಎತ್ತಲು ಹೋದರು, ಬಲಗೈ ಮಾತು ಕೇಳಲಿಲ್ಲ. ಲೋಟ ಜಾರಿ ಬಿತ್ತು. ಕೈ ಜೋಮು ಹಿಡಿದಿರಬೇಕು ಅಂತ ಅವರೇ ಎಡಗೈಯಿಂದ ತಿಕ್ಕಿಕೊಳ್ಳುತ್ತಾ ಕೂತಿದ್ದರು. ಮಾತು ಸ್ವಲ್ಪ ತೊದಲಿದ್ದನ್ನು ನೋಡಿ ನಮ್ಮನೆಯವರು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು. ಸಣ್ಣ ಸ್ಟ್ರೋಕ್. ದೇವರ ದಯೆ, ಕೈ ಮುಕ್ಕಾಲು ಪಾಲು ವಾಪಸ್ ಬಂತು. ಆವತ್ತಿನಿಂದ ಬಿಪಿ ಮಾತ್ರೆ ಎರಡು, ರಕ್ತ ತೆಳು ಮಾಡುವುದು ಒಂದು, ಕೊಲೆಸ್ಟರಾಲಿಗೆ ಒಂದು. ಜೊತೆಗೆ ಎಲ್ಲ ಡಾಕ್ಟರೂ ಹೇಳುವ ಮಾತು: "ಉಪ್ಪು ಕಡಿಮೆ ಮಾಡಿ."

ಅದನ್ನು ಮಾಡಿ ನೋಡಿದವರಿಗೇ ಗೊತ್ತು. ಮೊದಲ ತಿಂಗಳು ಅತ್ತೆ ಅವರಿಗೆ ಅಂತ ಬೇರೆ ಪಾತ್ರೆಯಲ್ಲಿ ಸಾರು ಎತ್ತಿಡುತ್ತಿದ್ದರು, ಉಪ್ಪು ಅರ್ಧ. ಮಾವನವರು ಏನೂ ಅನ್ನುತ್ತಿರಲಿಲ್ಲ. ಸುಮ್ನೆ ಉಪ್ಪಿನಕಾಯಿ ಜಾಡಿ ಹತ್ತಿರ ಎಳೆದುಕೊಳ್ಳುತ್ತಿದ್ದರು. ಉಪ್ಪಿನಕಾಯಿ ಮೇಲಿಟ್ಟರೆ ಹಪ್ಪಳ ಕೇಳುತ್ತಿದ್ದರು. ಹಪ್ಪಳ ನಿಲ್ಲಿಸಿದ ದಿನ ಊಟವನ್ನೇ ಅರ್ಧಕ್ಕೆ ಬಿಟ್ಟು ಎದ್ದರು. ಎಪ್ಪತ್ತೆರಡು ವರ್ಷದ ಮನುಷ್ಯ ಅನ್ನ ಬಿಟ್ಟು ಎದ್ದರೆ ಮನೆಯಲ್ಲಿ ಯಾರಿಗೆ ಗಂಟಲಲ್ಲಿ ಇಳಿಯುತ್ತದೆ? ಎರಡನೇ ತಿಂಗಳು ಮುಗಿಯುವುದರೊಳಗೆ ಬೇರೆ ಪಾತ್ರೆ ಹೋಯಿತು, ಎಲ್ಲರಿಗೂ ಒಂದೇ ಸಾರು, ಮೊದಲಿನ ಉಪ್ಪು.

ಆಮೇಲೆ ಸೂಪರ್ ಮಾರ್ಕೆಟ್ಟಿನಲ್ಲಿ ಈ ಪ್ಯಾಕೆಟ್ ಕಂಡಿತು. ಬೆಲೆ ಮಾಮೂಲಿ ಉಪ್ಪಿನ ಎರಡೂವರೆ ಪಟ್ಟು. ಮನೆಗೆ ತಂದು ಆನ್‌ಲೈನಿನಲ್ಲಿ ಜನ ಏನು ಬರೆದಿದ್ದಾರೆ ಅಂತ ಓದಿದೆ. "ಒಂದೇ ವಾರದಲ್ಲಿ ಬಿಪಿ ನಾರ್ಮಲ್", "ಅಪ್ಪನ ಮಾತ್ರೆ ಅರ್ಧಕ್ಕೆ ಇಳಿಯಿತು", "ಏನೂ ಪ್ರಯೋಜನ ಇಲ್ಲ, ದುಡ್ಡು ದಂಡ". ಬರೆದವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಆದರೆ ನಾನು ಡಿಗ್ರಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವಳು, ಇಂಥ ಮಾತು ನೋಡಿದರೆ ಮನಸ್ಸು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡೂವರೆ ಪಟ್ಟು ದುಡ್ಡು ಕೊಟ್ಟು ಈ ಉಪ್ಪು ಕೊಳ್ಳುವ ಮನೆಯಲ್ಲಿ ಅದೇ ವಾರ ಬೆಳಗಿನ ವಾಕಿಂಗ್ ಶುರುವಾಗಿರುತ್ತದೆ, ಮಾತ್ರೆ ಸರಿಯಾದ ಹೊತ್ತಿಗೆ ಹೋಗಲು ಶುರುವಾಗಿರುತ್ತದೆ, ಹೋಟೆಲ್ ತಿಂಡಿ ಕಡಿಮೆಯಾಗಿರುತ್ತದೆ. ಇಳಿದ ಬಿಪಿ ಯಾವುದರ ಕೆಲಸ ಅಂತ ಹೇಗೆ ಬಿಡಿಸುವುದು? ಒಳ್ಳೆಯದಾದವರು ಬಂದು ಬರೆಯುತ್ತಾರೆ, ಕೋಪ ಬಂದವರು ಬರೆಯುತ್ತಾರೆ, ನಡುವಿನವರು ಬರೆಯುವುದೇ ಇಲ್ಲ.

ಹಾಗಾಗಿ ಇದರ ಮೇಲೆ ನಡೆದಿರುವ ಪ್ರಯೋಗಗಳನ್ನು ಹುಡುಕಿ ಓದಿದೆ. ಈ ವಿಮರ್ಶೆ ಬರೆಯಲು ಕೂತದ್ದೂ ಅದಕ್ಕೇ.

ಔಷಧಿ, ಆಹಾರದ ಮೇಲೆ ನಡೆಯುವ ಪ್ರಯೋಗಗಳಲ್ಲಿ ಎರಡು ಮನೋಭಾವ ಇದೆ ಅಂತ 1967ರಲ್ಲೇ ಶ್ವಾರ್ಟ್ಜ್ ಮತ್ತು ಲೆಲೂಷ್ ಅನ್ನುವ ಇಬ್ಬರು ಫ್ರೆಂಚ್ ಸಂಶೋಧಕರು ಬರೆದಿದ್ದರು. ಒಂದು, ಎಲ್ಲವನ್ನೂ ಬಿಗಿಯಾಗಿ ಹಿಡಿದು ಈ ವಸ್ತುವಿಗೆ ಕೆಲಸ ಮಾಡುವ ಗುಣ ಇದೆಯಾ ಅಂತ ನೋಡುವುದು. ಅಲ್ಲಿ ಊಟ ಅಳೆದು ಕೊಡುತ್ತಾರೆ, ಬೇರೆ ಕಾಯಿಲೆ ಇದ್ದವರನ್ನು ಸೇರಿಸುವುದಿಲ್ಲ, ತಪ್ಪಿದವರನ್ನು ಹಿಂದೆ ಬಿದ್ದು ಕೇಳುತ್ತಾರೆ. ಇನ್ನೊಂದು, ಜನ ಬದುಕುವ ಹಾಗೇ ಬದುಕಲಿ, ಅಂಥ ಕಡೆ ಇದನ್ನು ಕೊಟ್ಟರೆ ಏನಾಗುತ್ತದೆ ಅಂತ ನೋಡುವುದು. ಎರಡನೆಯದಕ್ಕೆ ಪ್ರಾಗ್ಮ್ಯಾಟಿಕ್ ಟ್ರಯಲ್ ಅಂತಾರೆ. ಇಲ್ಲೂ ಯಾರಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ, ಅದರಲ್ಲಿ ರಾಜಿ ಇಲ್ಲ. ಉಳಿದದ್ದೆಲ್ಲ ನಿತ್ಯದ ಬದುಕಿನ ಹಾಗೇ ಇರುತ್ತದೆ.

ಉಪ್ಪಿಗೆ ಈ ಎರಡನೇ ಬಗೆ ಎಷ್ಟು ಮುಖ್ಯ ಅನ್ನುವುದು ನನಗೆ ಹೊಳೆದದ್ದು ಅತ್ತೆಯ ಕೈ ನೋಡಿ. ಅವರು ಚಮಚದಲ್ಲಿ ಅಳೆಯುವವರಲ್ಲ. ಮೂರು ಬೆರಳಲ್ಲಿ ಉಪ್ಪು ತೆಗೆದು ಕುದಿಯುವ ಸಾರಿಗೆ ಬಿಡುತ್ತಾರೆ, ಸೌಟಿನ ತುದಿಯಿಂದ ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕುತ್ತಾರೆ, ಒಂದು ಕ್ಷಣ ಕಣ್ಣು ಮೇಲೆತ್ತಿ ಯೋಚಿಸುತ್ತಾರೆ. ಈ ಉಪ್ಪು ಬಂದ ಮೊದಲ ದಿನ ನೆಕ್ಕಿದವರು "ಯಾಕೋ ಸಪ್ಪೆ ಕಣಮ್ಮಾ" ಅಂದು ಇನ್ನೊಂದು ಚಿಟಿಕೆ ಹಾಕಿದರು. ಆ ಒಂದು ಚಿಟಿಕೆಯಲ್ಲೇ ಲಾಭ ಎಲ್ಲ ಹೋಯಿತಾ? ಅಳೆದು ಊಟ ಬಡಿಸುವ ಪ್ರಯೋಗ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಚಿಟಿಕೆ ಹಾಕುವ ಅತ್ತೆಯಂದಿರು, ಉಪ್ಪಿನಕಾಯಿ ಜಾಡಿ ಎಳೆದುಕೊಳ್ಳುವ ಮಾವಂದಿರು ಇರುವ ಸಾವಿರಾರು ಮನೆಗಳಲ್ಲೇ ನೋಡಬೇಕು.

ಹಾಗೆ ನೋಡಿದ್ದಾರೆ. ಚೀನಾದ ಹಳ್ಳಿಗಳಲ್ಲಿ. 2021ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಸಿಡ್ನಿಯ ಜಾರ್ಜ್ ಇನ್‌ಸ್ಟಿಟ್ಯೂಟಿನ ಬ್ರೂಸ್ ನೀಲ್ ಮತ್ತು ಚೀನಾದ ಸಂಶೋಧಕರು ಸೇರಿ ನಡೆಸಿದರು. 600 ಹಳ್ಳಿ, 20,995 ಜನ. ಸೇರಿಸಿಕೊಂಡದ್ದು ಮೊದಲೇ ಸ್ಟ್ರೋಕ್ ಆದವರನ್ನು, ಇಲ್ಲವೇ 60 ದಾಟಿ ಬಿಪಿ ಜಾಸ್ತಿ ಇದ್ದವರನ್ನು. ಸರಾಸರಿ ವಯಸ್ಸು 65. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಮೊದಲೇ ಸ್ಟ್ರೋಕ್ ಆದವರು. ಇದನ್ನು ಓದುವಾಗ ನನಗೆ ಕಂಡದ್ದು ಮಾವನವರೇ. ಔಷಧಿ ಪ್ರಯೋಗಗಳಲ್ಲಿ ಎಷ್ಟೋ ಸಲ ವಯಸ್ಸಾಯಿತು, ಬೇರೆ ಕಾಯಿಲೆ ಇದೆ ಅಂತ ಇಂಥವರನ್ನು ಹೊರಗಿಡುತ್ತಾರೆ. ಆಮೇಲೆ ಆ ಔಷಧಿ ನುಂಗಬೇಕಾದವರು ಇವರೇ.

ಅರ್ಧ ಹಳ್ಳಿಗಳಿಗೆ ಹೊಸ ಉಪ್ಪು ಪುಕ್ಕಟೆ ಕೊಟ್ಟರು. ಅದರಲ್ಲಿ ಸುಮಾರು 75 ಪಾಲು ಸೋಡಿಯಂ ಕ್ಲೋರೈಡ್, 25 ಪಾಲು ಪೊಟ್ಯಾಸಿಯಂ ಕ್ಲೋರೈಡ್. ಉಳಿದರ್ಧ ಹಳ್ಳಿಗಳು ತಮ್ಮ ಮಾಮೂಲಿ ಉಪ್ಪಿನಲ್ಲೇ ಇದ್ದವು. ಮನೆಮನೆಗೆ ಚೀಟಿ ಎತ್ತದೆ ಹಳ್ಳಿ ಹಳ್ಳಿಗೆ ಎತ್ತಿದ್ದು ಸರಿಯೇ ಅನ್ನಿಸಿತು. ಒಂದೇ ಊರಿನಲ್ಲಿ ಒಂದು ಮನೆಗೆ ಒಂದು ಉಪ್ಪು, ಪಕ್ಕದ ಮನೆಗೆ ಇನ್ನೊಂದು ಅಂದರೆ ಬೆರೆತುಹೋಗುತ್ತದೆ. ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಉಪ್ಪು ಕೊಡಬಾರದು ಅಂತಾರೆ, ಆದರೆ ಹಗಲಲ್ಲಿ ಒಂದು ಬಟ್ಟಲು ಕೇಳಿದರೆ ಯಾರು ಇಲ್ಲ ಅಂತಾರೆ? ಅಡುಗೆಗೂ, ತರಕಾರಿ ಉಪ್ಪು ಹಾಕಿ ಇಡುವುದಕ್ಕೂ ಸಾಲುವಷ್ಟು ಕೊಟ್ಟಿದ್ದರು. ಹೀಗೇ ಬಳಸಿ ಅಂತ ಒಬ್ಬರೂ ಒಲೆ ಪಕ್ಕ ನಿಂತಿರಲಿಲ್ಲ.

ಸುಮಾರು 4.7 ವರ್ಷ ನೋಡಿದರು. ಸಾವಿರ ಜನರನ್ನು ಒಂದು ವರ್ಷ ಲೆಕ್ಕ ಹಾಕಿದರೆ ಮಾಮೂಲಿ ಉಪ್ಪಿನ ಹಳ್ಳಿಗಳಲ್ಲಿ ಸುಮಾರು 34 ಸ್ಟ್ರೋಕ್, ಹೊಸ ಉಪ್ಪಿನ ಹಳ್ಳಿಗಳಲ್ಲಿ 29. ಅಂದರೆ 14 ಪರ್ಸೆಂಟ್ ಕಡಿಮೆ. ಸಾವು ಅಲ್ಲಿ ಸುಮಾರು 45, ಇಲ್ಲಿ 39, ಅಂದರೆ 12 ಪರ್ಸೆಂಟ್ ಕಡಿಮೆ. ಮೇಲಿನ ಬಿಪಿ ಇಳಿದದ್ದು ಸರಾಸರಿ 3.3 ಪಾಯಿಂಟ್ ಅಷ್ಟೇ. ಈ 3.3 ನೋಡಿ ಮೂಗು ಮುರಿಯಬೇಡಿ. ಮನೆಯ ಬಿಪಿ ಮೆಷಿನ್ನಿನಲ್ಲಿ ಇದು ಕಣ್ಣಿಗೆ ಬೀಳುವುದೂ ಇಲ್ಲ, ಐದು ನಿಮಿಷ ಬಿಟ್ಟು ಮತ್ತೆ ನೋಡಿದರೆ ಅದಕ್ಕಿಂತ ಜಾಸ್ತಿ ಏರುಪೇರು ಇರುತ್ತದೆ. ಆದರೆ ಊರಿಗೆ ಊರೇ ಮೂರು ಪಾಯಿಂಟ್ ಇಳಿದರೆ ಸ್ಟ್ರೋಕ್ ಇಷ್ಟು ಕಡಿಮೆಯಾಗುತ್ತದೆ. "ಒಂದು ವಾರದಲ್ಲಿ ನಾರ್ಮಲ್" ಅಂತ ಬರೆದವರ ಮನೆಯಲ್ಲಿ ಕೆಲಸ ಮಾಡಿದ್ದು ಬರೀ ಉಪ್ಪಲ್ಲ ಅಂತ ನಾನು ಹೇಳುವುದೂ ಇದಕ್ಕೇ.

ಪೊಟ್ಯಾಸಿಯಂ ಏರಿ ತೊಂದರೆ ಆದದ್ದು ಎರಡೂ ಕಡೆ ಹೆಚ್ಚೂಕಡಿಮೆ ಒಂದೇ ಸಮ, ಸಾವಿರಕ್ಕೆ ವರ್ಷಕ್ಕೆ ಮೂರು ಚಿಲ್ಲರೆ. ಇದು ಧೈರ್ಯ ಕೊಡುವ ಮಾತು. ಆದರೂ ಒಂದು ನೆನಪಿಡಿ, ಗಂಭೀರ ಕಿಡ್ನಿ ಕಾಯಿಲೆ ಇದೆ ಅಂತ ಗೊತ್ತಿದ್ದವರ ಮನೆಗಳನ್ನು ಮೊದಲೇ ಬಿಟ್ಟಿದ್ದರು. ಪ್ರತಿಯೊಬ್ಬರ ರಕ್ತವನ್ನೂ ಮತ್ತೆ ಮತ್ತೆ ಟೆಸ್ಟ್ ಮಾಡಿಲ್ಲ. ಹಳ್ಳಿಗಳಲ್ಲಿ ಇಪ್ಪತ್ತೊಂದು ಸಾವಿರ ಜನರನ್ನು ಐದು ವರ್ಷ ನೋಡಬೇಕು ಅಂದರೆ ಎಲ್ಲೋ ಒಂದು ಕಡೆ ಕೈ ಬಿಡಲೇಬೇಕು, ಈ ಬಗೆಯ ಪ್ರಯೋಗದ ದುರ್ಬಲ ಜಾಗ ಅದು.

ನಮ್ಮ ಕಡೆಯದ್ದೂ ಒಂದಿದೆ. ತೆಲಂಗಾಣದ ಸಿದ್ದಿಪೇಟೆ ಕಡೆಯ ಏಳು ಹಳ್ಳಿಗಳಲ್ಲಿ ಬಿಪಿ ಇರುವ 502 ಜನರಿಗೆ ಮೂರು ತಿಂಗಳು ಉಪ್ಪು ಕೊಟ್ಟು ನೋಡಿದ್ದಾರೆ. ಅರ್ಧ ಜನರಿಗೆ 30 ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇದ್ದದ್ದು, ಅರ್ಧ ಜನರಿಗೆ ಮಾಮೂಲಿಯದ್ದು, ಯಾವುದು ಯಾವುದೆಂದು ಅವರಿಗೆ ಹೇಳಿರಲಿಲ್ಲ. ಮೇಲಿನ ಬಿಪಿ 4.6 ಪಾಯಿಂಟ್ ಕಡಿಮೆ ಬಂತು. ಸಣ್ಣ ಪ್ರಯೋಗ, ಸ್ಟ್ರೋಕ್ ಎಣಿಸುವಷ್ಟು ದೊಡ್ಡದಲ್ಲ. ಆದರೆ ಅನ್ನ, ಬೇಳೆ, ಹುಣಸೆಹುಳಿ, ಉಪ್ಪಿನಕಾಯಿ ತಿನ್ನುವ ಮನೆಗಳು. ನನಗೆ ಬೀಜಿಂಗಿಗಿಂತ ಸಿದ್ದಿಪೇಟೆ ಹತ್ತಿರ ಅಲ್ವಾ? ಇದೇ ಕೆಲಸ ನಮ್ಮ ಮಂಡ್ಯ, ರಾಯಚೂರಿನ ಹಳ್ಳಿಗಳಲ್ಲಿ ದೊಡ್ಡದಾಗಿ ಆಗಬೇಕು ಅಂತ ನನಗೆ ಬಹಳ ಆಸೆ. ಮುದ್ದೆಗೆ ಉಪ್ಪು ಹಾಕುವುದಿಲ್ಲ, ಅದರ ಪಾಲನ್ನೂ ಬಸ್ಸಾರಿಗೇ ಹಾಕುತ್ತೇವೆ. ಜೋಳದ ರೊಟ್ಟಿಯ ಪಕ್ಕ ಕೆಂಪು ಚಟ್ನಿ ಇರುತ್ತದೆ. ಅಂಥ ತಟ್ಟೆಯಲ್ಲಿ ಇದು ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಅಂಥ ಮನೆಯಲ್ಲೇ ನೋಡಬೇಕಾದದ್ದು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರ ಆದದ್ದು ಮಾತ್ರ ಇನ್ನೊಂದು. ಅದೂ ಚೀನಾದ್ದೇ, 2023ರಲ್ಲಿ ಬಂದದ್ದು. ವಯಸ್ಸಾದವರನ್ನು ನೋಡಿಕೊಳ್ಳುವ 48 ಆಶ್ರಮಗಳ ಅಡುಗೆಮನೆಗಳಲ್ಲಿ ಎರಡು ದಾರಿ ಪರೀಕ್ಷಿಸಿದರು. ಒಂದು ದಾರಿ, ಮಾಮೂಲಿ ಉಪ್ಪಿನ ಬದಲು ಪೊಟ್ಯಾಸಿಯಂ ಬೆರೆಸಿದ ಉಪ್ಪು. ಇನ್ನೊಂದು ದಾರಿ, ಅಡುಗೆಮನೆಗೆ ಕೊಡುವ ಉಪ್ಪನ್ನೇ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತಾ ಹೋಗುವುದು. ಎರಡು ವರ್ಷದ ಮೇಲೆ ನೋಡಿದರೆ ಉಪ್ಪು ಬದಲಾಯಿಸಿದ ಕಡೆ ಮೇಲಿನ ಬಿಪಿ 7.1 ಪಾಯಿಂಟ್ ಕಡಿಮೆ. ಕಡಿಮೆ ಮಾಡುತ್ತಾ ಹೋದ ಕಡೆ ಬಿಪಿಯಲ್ಲಿ ವ್ಯತ್ಯಾಸವೇ ಸಿಗಲಿಲ್ಲ.

ಇದನ್ನು ಓದಿ ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಅತ್ತೆಗೆ ತೋರಿಸಿದೆ. ಬೇರೆ ಪಾತ್ರೆಯಲ್ಲಿ ಸಾರು ಎತ್ತಿಟ್ಟು ಸೋತದ್ದಕ್ಕೆ ಅವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು, ಗಂಡನ ಬಾಯಿಚಪಲಕ್ಕೆ ಸೋತೆ ಅಂತ. ಸಂಬಳ ಕೊಟ್ಟು ಅಡುಗೆಯವರನ್ನು ಇಟ್ಟ ಕಡೆಯೂ ಅದು ಆಗಲಿಲ್ಲ ಅಂತ ತಿಳಿದಾಗ ಅವರ ಮುಖ ಹಗುರಾಯಿತು. "ಮತ್ತೆ ಡಾಕ್ಟ್ರು ಎಲ್ಲರಿಗೂ ಅದನ್ನೇ ಹೇಳ್ತಾರಲ್ಲ?" ಅಂದರು. ಉಪ್ಪು ಕಡಿಮೆ ತಿಂದರೆ ಒಳ್ಳೆಯದು ಅನ್ನುವುದು ನಿಜ, ತಿನ್ನಿಸುವುದು ಹೇಗೆ ಅನ್ನುವುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಲ್ಯಾಬಿನಲ್ಲಿ ಸಿಕ್ಕಿತ್ತು, ಎರಡನೆಯದಕ್ಕೆ ಅಡುಗೆಮನೆಗೇ ಬರಬೇಕಾಯಿತು.

ಹಾಗಾದರೆ ಚೀಟಿ ಎತ್ತದೆ, ಪ್ರಯೋಗ ಮಾಡದೆ, ಜನ ಬದುಕುತ್ತಿರುವುದನ್ನು ಹಾಗೇ ನೋಡಿ ಲೆಕ್ಕ ಹಾಕಿದರೆ ಸಾಲದಾ? ರಿಯಲ್ ವರ್ಲ್ಡ್ ಡೇಟಾ ಅಂತ ಈಗ ಎಲ್ಲ ಕಡೆ ಕೇಳಿಬರುತ್ತದೆ, ಆಸ್ಪತ್ರೆ ದಾಖಲೆ, ಇನ್ಶೂರೆನ್ಸ್ ಕ್ಲೇಮ್, ಸ್ಮಾರ್ಟ್ ವಾಚಿನ ಲೆಕ್ಕ ಎಲ್ಲವೂ ಅದರಲ್ಲಿ ಬರುತ್ತದೆ. ಅದರಿಂದ ತುಂಬ ಉಪಯೋಗ ಇದೆ, ಒಂದು ಔಷಧಿ ಮಾರುಕಟ್ಟೆಗೆ ಬಂದ ಮೇಲೆ ಅಪರೂಪದ ಅಡ್ಡ ಪರಿಣಾಮ ಕಾಣುವುದೇ ಅಲ್ಲಿ. ಆದರೆ ಉಪ್ಪಿನ ವಿಷಯದಲ್ಲಿ ಅದು ದೊಡ್ಡ ಗೊಂದಲ ಮಾಡಿದೆ. 2014ರಲ್ಲಿ ಪ್ಯೂರ್ ಅನ್ನುವ ಅಧ್ಯಯನದ ಲೆಕ್ಕ ಬಂತು, 17 ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಕೂಡ ಅದರಲ್ಲಿತ್ತು, ಅದನ್ನು ಮುನ್ನಡೆಸಿದ ಸಲೀಂ ಯೂಸುಫ್ ಎಂಬಿಬಿಎಸ್ ಓದಿದ್ದೇ ಸೇಂಟ್ ಜಾನ್ಸ್‌ನಲ್ಲಿ. ದಿನಕ್ಕೆ 3ರಿಂದ 6 ಗ್ರಾಂ ಸೋಡಿಯಂ (ಉಪ್ಪಿನ ಲೆಕ್ಕದಲ್ಲಿ ಸುಮಾರು 7.5ರಿಂದ 15 ಗ್ರಾಂ) ತಿನ್ನುವವರಿಗೆ ಅಪಾಯ ಕಡಿಮೆ, ಅದಕ್ಕಿಂತ ಜಾಸ್ತಿ ತಿಂದವರಿಗೂ ಕಡಿಮೆ ತಿಂದವರಿಗೂ ಅಪಾಯ ಜಾಸ್ತಿ ಅಂತ ಅದರಲ್ಲಿ ಕಂಡಿತು. "ನೋಡಿ, ಉಪ್ಪು ಕಡಿಮೆ ತಿಂದರೂ ಕೆಟ್ಟದ್ದು" ಅಂತ ಇವತ್ತಿಗೂ ಫ್ಯಾಮಿಲಿ ಗ್ರೂಪಿನಲ್ಲಿ ಸುತ್ತುವ ಮಾತಿನ ಬೇರು ಇಂಥ ಲೆಕ್ಕದಲ್ಲೇ ಇದೆ.

ಅಧ್ಯಯನ ದೊಡ್ಡದೇ, ಮಾಡಿದವರೂ ದೊಡ್ಡವರೇ. ಆದರೆ ಉಪ್ಪನ್ನು ಅಳೆದದ್ದು ಬೆಳಗಿನ ಒಂದು ಸಲದ ಮೂತ್ರದಿಂದ. ಅದರಿಂದ ಇಡೀ ದಿನದ್ದು ಅಂದಾಜು ಮಾಡಿದರು. ಇನ್ನೊಂದು ತೊಡಕು ನಮ್ಮ ಮನೆಯಲ್ಲೇ ಇದೆ. ಮಾವನವರು ಉಪ್ಪು ಕಡಿಮೆ ತಿಂದದ್ದು ಯಾವಾಗ? ಸ್ಟ್ರೋಕ್ ಆಗಿ ಮಲಗಿದ್ದಾಗ, ಊಟವೇ ಸೇರದಿದ್ದಾಗ. ಆ ವಾರ ಯಾರಾದರೂ ಬಂದು ಅಳೆದಿದ್ದರೆ "ಕಡಿಮೆ ಉಪ್ಪು ತಿನ್ನುವ, ಕಾಯಿಲೆ ಬಿದ್ದಿರುವ ಮನುಷ್ಯ" ಅಂತ ಲೆಕ್ಕಕ್ಕೆ ಹೋಗುತ್ತಿತ್ತು. ಕಾಯಿಲೆಯಿಂದ ಉಪ್ಪು ಕಡಿಮೆಯಾಯಿತಾ, ಉಪ್ಪು ಕಡಿಮೆಯಾದ್ದರಿಂದ ಕಾಯಿಲೆ ಬಂತಾ? ನೋಡುತ್ತಾ ಕೂತರೆ ಬಿಡಿಸಲು ಕಷ್ಟ. ಚೀಟಿ ಎತ್ತಿ ಅರ್ಧ ಹಳ್ಳಿಗೆ ಕೊಟ್ಟಾಗ ಮಾತ್ರ ಕಾಯಿಲೆಯವರು, ಗಟ್ಟಿಮುಟ್ಟಾದವರು, ವಾಕಿಂಗ್ ಮಾಡುವವರು, ಬೀಡಿ ಸೇದುವವರು ಎರಡೂ ಕಡೆ ಸಮನಾಗಿ ಹಂಚಿಹೋಗುತ್ತಾರೆ. ನನ್ನ ಹುಡುಗರಿಗೆ ಕ್ಲಾಸಿನಲ್ಲಿ ಈಗ ನಾನು ಇದನ್ನೇ ಉದಾಹರಣೆ ಕೊಡುವುದು.

ಸರಿ, ರುಚಿಗೆ ಬರುತ್ತೇನೆ, ಜಾಸ್ತಿ ಜನ ಕೇಳುವುದು ಅದನ್ನೇ. ಹುಳಿ, ಸಾರು, ಗೊಜ್ಜು, ಪಲ್ಯದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊದಲ ಹತ್ತು ದಿನ ಅತ್ತೆಗೆ ಸಪ್ಪೆ ಅನ್ನಿಸಿತು, ಆಮೇಲೆ ಅವರ ಕೈಯೇ ಹೊಂದಿಕೊಂಡಿತು. ಪ್ಯಾಕೆಟ್ಟಿನ ಲೆಕ್ಕ ಹೇಳುತ್ತೇನೆ: ಮೊದಲ ತಿಂಗಳು ಒಂದು ಕೆಜಿ 24 ದಿನಕ್ಕೇ ಮುಗಿಯಿತು, ಮೂರನೇ ತಿಂಗಳಿಂದ 30 ದಿನಕ್ಕೆ ಬಂದು ನಿಂತಿದೆ, ಮೊದಲಿನ ಉಪ್ಪಿನಷ್ಟೇ. ತೊಂದರೆ ಬರುವುದು ಮಜ್ಜಿಗೆಯಲ್ಲಿ. ನೀರುಮಜ್ಜಿಗೆಗೆ ಹಾಕಿ ಕುಡಿದರೆ ಕೊನೆಗೆ ನಾಲಿಗೆಯ ಹಿಂಭಾಗದಲ್ಲಿ ಒಂದು ಸಣ್ಣ ಕಹಿ, ಲೋಹ ನೆಕ್ಕಿದ ಹಾಗೆ. ಶುಂಠಿ, ಕರಿಬೇವು, ಇಂಗು ಹಾಕಿದರೆ ಮುಚ್ಚಿಹೋಗುತ್ತದೆ. ಸೌತೆಕಾಯಿಗೆ, ಮಾವಿನಕಾಯಿ ಹೋಳಿಗೆ ಉದುರಿಸಿ ತಿಂದರೂ ಈ ಕಹಿ ಕಾಣುತ್ತದೆ. ಉಪ್ಪಿಟ್ಟಿನಲ್ಲಿ ಇಲ್ಲ, ಇಡ್ಲಿ ಹಿಟ್ಟಿನಲ್ಲಿ ಇಲ್ಲ, ಹಿಟ್ಟು ಎಂದಿನ ಹಾಗೇ ಉಬ್ಬುತ್ತದೆ. ಉಪ್ಪಿನಕಾಯಿಗೆ ಮಾತ್ರ ಅತ್ತೆ ಒಪ್ಪಲಿಲ್ಲ. ವರ್ಷಗಟ್ಟಲೆ ಕೆಡದೆ ಇರಬೇಕಾದ ಮಿಡಿಗೆ ಹೊಸ ಉಪ್ಪು ಹಾಕಿ ಪ್ರಯೋಗ ಮಾಡುವುದಿಲ್ಲ, ಕಲ್ಲುಪ್ಪೇ ಬೇಕು ಅಂದರು. ನಾನೂ ಒತ್ತಾಯ ಮಾಡಲಿಲ್ಲ.

ಮಳೆಗಾಲದಲ್ಲಿ ಇದು ಬೇಗ ಗಂಟು ಕಟ್ಟಿತು. ನಾವಿರುವುದು ಶಿವಮೊಗ್ಗದಲ್ಲಿ, ಜುಲೈ ತಿಂಗಳಲ್ಲಿ ಡಬ್ಬಿ ಮುಚ್ಚಳ ಸಡಿಲ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಕಲ್ಲು. ಬಿಗಿ ಮುಚ್ಚಳದ ಡಬ್ಬಿ ಇರಲಿ.

ಕೊಳ್ಳುವಾಗ ಪ್ಯಾಕೆಟ್ಟಿನ ಹಿಂದೆ ಓದಿ. ಮುಂದೆ ದೊಡ್ಡದಾಗಿ "ಲೋ ಸೋಡಿಯಂ" ಅಂತ ಇರುತ್ತದೆ, ಹಿಂದೆ ನೋಡಿದರೆ ಕೆಲವದರಲ್ಲಿ ಸೋಡಿಯಂ 15 ಪರ್ಸೆಂಟ್ ಮಾತ್ರ ಕಡಿಮೆ, ಕೆಲವದರಲ್ಲಿ 30 ಪರ್ಸೆಂಟ್ ಕಡಿಮೆ. ಚೀನಾದ ಹಳ್ಳಿಗಳಲ್ಲಿ ಕೆಲಸ ಮಾಡಿದ್ದು ನಾಲ್ಕನೇ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು. 15 ಪರ್ಸೆಂಟಿನದ್ದನ್ನು ತಂದು ಅದೇ ಫಲ ಬರುತ್ತದೆ ಅಂತ ನಂಬುವ ಹಾಗಿಲ್ಲ. ಅಯೋಡಿನ್ ಇದೆಯಾ ಅಂತಲೂ ನೋಡಿ. ಇನ್ನೊಂದು, ದಯವಿಟ್ಟು ಸೈಂಧವ ಲವಣ, ಗುಲಾಬಿ ಉಪ್ಪನ್ನು ಇದರ ಜೊತೆ ಸೇರಿಸಬೇಡಿ. ಬಿಪಿಗೆ ಒಳ್ಳೆಯದು ಅಂತ ನಮ್ಮ ನೆಂಟರಲ್ಲೇ ನಾಲ್ಕು ಮನೆಯವರು ಅದನ್ನು ತಿನ್ನುತ್ತಿದ್ದಾರೆ. ಬಣ್ಣ ಬೇರೆ ಅಷ್ಟೇ, ಅದೂ ಹೆಚ್ಚೂಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ.

ಈಗ ನಾನು ಕಳೆದ ಆ ಒಂದು ನಂಬರಿನ ವಿಷಯ. ಯುಗಾದಿಗೆ ಮಾವನವರ ಅಣ್ಣ ಬಂದಿದ್ದರು, ನಮಗೆ ದೊಡ್ಡ ಮಾವ. ಅವರಿಗೆ ಕಿಡ್ನಿ ತೊಂದರೆ ಇದೆ, ಕಿಡ್ನಿ ಎಷ್ಟು ಸರಿ ಇದೆ ಅಂತ ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಮೂರರ ಹತ್ತಿರ. ನಮಗೆಲ್ಲ ಗೊತ್ತು. ಅವರಿಗೆ ಬಾಳೆಹಣ್ಣು ಕೊಡಬಾರದು ಅಂತ ನೆನಪಿತ್ತು, ಎಳನೀರು ಬೇಡ ಅಂತ ನೆನಪಿತ್ತು, ಒಲೆ ಪಕ್ಕದ ಉಪ್ಪಿನ ಡಬ್ಬಿ ಮಾತ್ರ ಯಾರಿಗೂ ನೆನಪಾಗಲಿಲ್ಲ. ಹತ್ತು ತಿಂಗಳಲ್ಲಿ ಅದು ನಮಗೆ ಬರೀ ಉಪ್ಪಾಗಿಬಿಟ್ಟಿತ್ತು. ಹಬ್ಬದ ದಿನ ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ ಎಲ್ಲ ಅದರಲ್ಲೇ ಆಯಿತು. ಮಾರನೇ ದಿನ ಮಧ್ಯಾಹ್ನ ಅನ್ನಕ್ಕೆ ಸಾರು ಬಡಿಸುತ್ತಾ ಇದ್ದಾಗ ನನಗೆ ಸೌಟು ಹಿಡಿದ ಕೈಯಲ್ಲೇ ನೆನಪಾಯಿತು. ಎದೆ ಧಸಕ್ಕೆಂದಿತು. ಅವರ ಡಾಕ್ಟರಿಗೆ ಫೋನ್ ಮಾಡಿದೆವು, ಸಂಜೆಯೇ ರಕ್ತ ಟೆಸ್ಟ್ ಮಾಡಿಸಿದೆವು. ರಿಪೋರ್ಟ್ ಬರುವ ತನಕ ಅತ್ತೆ ದೇವರ ಮುಂದಿನಿಂದ ಎದ್ದಿರಲಿಲ್ಲ. ಪೊಟ್ಯಾಸಿಯಂ 5.2 ಇತ್ತು, ಸ್ವಲ್ಪ ಜಾಸ್ತಿ. ಇನ್ನು ಒಂದು ತುತ್ತೂ ಅದು ಬೇಡ, ಮೂರು ದಿನ ಬಿಟ್ಟು ಮತ್ತೆ ನೋಡೋಣ ಅಂದರು ಡಾಕ್ಟರು. ಮೂರು ದಿನದ ಮೇಲೆ 4.8ಕ್ಕೆ ಬಂತು. ದೊಡ್ಡ ಮಾವ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ತಪ್ಪು ನಮ್ಮದೇ. ಆದರೆ ಪ್ಯಾಕೆಟ್ ನೋಡಿ, ಕಿಡ್ನಿ ಕಾಯಿಲೆ ಇದ್ದವರು ಬಳಸಬಾರದು ಅನ್ನುವ ಸಾಲು ನಾನು ತಂದ ಮೂರರಲ್ಲೂ ಹಿಂದೆ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಇದೆ. ಅತ್ತೆ ಕನ್ನಡ ಓದುತ್ತಾರೆ, ಇಂಗ್ಲಿಷ್ ಬರುವುದಿಲ್ಲ. ಅಡುಗೆ ಮಾಡುವವರು ಅವರು. ಈ ಎಚ್ಚರಿಕೆ ಪ್ಯಾಕೆಟ್ಟಿನ ಮುಂದೆ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಇರಬೇಕು. ಆ ಒಂದು ನಂಬರ್ ಕಳೆದದ್ದು ಅದಕ್ಕೇ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಗೆಯ ಉಪ್ಪಿನ ಬಗ್ಗೆ ಸಲಹೆ ಕೊಟ್ಟಿದೆ, ಮನೆ ಅಡುಗೆಗೆ ದೊಡ್ಡವರು ಮಾಮೂಲಿ ಉಪ್ಪಿನ ಬದಲು ಇದನ್ನು ಬಳಸಬಹುದು ಅಂತ. ಜೊತೆಗೇ, ಗರ್ಭಿಣಿಯರಿಗೆ, ಮಕ್ಕಳಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಅಂತಲೂ ಬರೆದಿದೆ. ನಮ್ಮ ಕಡೆ ಕಿಡ್ನಿ ಕೆಟ್ಟಿದ್ದೇ ಗೊತ್ತಿಲ್ಲದೆ ಓಡಾಡುವ ಶುಗರ್ ಪೇಷಂಟ್‌ಗಳು ಎಷ್ಟು ಮನೆಯಲ್ಲಿಲ್ಲ? ಶುರು ಮಾಡುವ ಮೊದಲು ಮನೆಯ ಹಿರಿಯರಿಗೆ ಒಂದು ಕ್ರಿಯಾಟಿನಿನ್, ಒಂದು ಪೊಟ್ಯಾಸಿಯಂ ಟೆಸ್ಟ್ ಮಾಡಿಸಿ. ಮಾವನವರ ಬಿಪಿ ಮಾತ್ರೆಯಲ್ಲಿ ಒಂದು ಟೆಲ್ಮಿಸಾರ್ಟನ್, ಅದೂ ಸ್ವಲ್ಪ ಪೊಟ್ಯಾಸಿಯಂ ಏರಿಸುವಂಥದ್ದು. ಹಾಗಾಗಿ ನಮ್ಮ ಡಾಕ್ಟರು ಶುರು ಮಾಡುವ ಮೊದಲೊಮ್ಮೆ, ಒಂದು ತಿಂಗಳಾದ ಮೇಲೊಮ್ಮೆ ನೋಡಿದರು. 4.3 ಇದ್ದದ್ದು 4.6 ಆಯಿತು, ಮುಂದುವರಿಸಿ ಅಂದರು.

ಮಾವನವರ ಬಿಪಿ ಏನಾಯಿತು? ಅದನ್ನು ಹೇಳದೆ ವಿಮರ್ಶೆ ಮುಗಿಸಿದರೆ ನೀವು ಬಿಡುವುದಿಲ್ಲ. ಶುರು ಮಾಡುವ ಮೊದಲಿನ ತಿಂಗಳ ಸರಾಸರಿ 144, ಹೋದ ತಿಂಗಳ ಸರಾಸರಿ 137. ಒಳ್ಳೆಯದೇ, ಮನೆಯವರಿಗೆಲ್ಲ ಖುಷಿ. ಆದರೆ ಈ ನಡುವೆ ಅವರು ಸಂಜೆ ಪಾರ್ಕಿಗೆ ಹೋಗಲು ಶುರು ಮಾಡಿದ್ದಾರೆ, ಮೊಮ್ಮಗಳು ಬೈದು ಬೈದು ಉಪ್ಪಿನಕಾಯಿ ಒಂದು ಹೋಳಿಗೆ ಬಂದಿದೆ. ಈ ಏಳು ಪಾಯಿಂಟಿನಲ್ಲಿ ಉಪ್ಪಿನ ಪಾಲು ಎಷ್ಟು ಅಂತ ಹೇಳಲು ನನ್ನ ಹತ್ತಿರ ಇನ್ನೊಬ್ಬ ಮಾವ ಇಲ್ಲ, ಇದೇ ಮನೆ, ಇದೇ ಪಾರ್ಕ್, ಉಪ್ಪು ಮಾತ್ರ ಬೇರೆ ಇರುವವರು. ಅದಕ್ಕೇ ನೀವು ಇದನ್ನು ಕೊಳ್ಳುವುದಾದರೆ ನಮ್ಮನೆಯ 137 ನೋಡಿ ಕೊಳ್ಳಬೇಡಿ, ಆ 600 ಹಳ್ಳಿ ನೋಡಿ ಕೊಳ್ಳಿ.

ದುಡ್ಡಿನ ವಿಷಯ. ನಮಗೆ ತಿಂಗಳಿಗೆ 45 ರೂಪಾಯಿ ಜಾಸ್ತಿ ಬೀಳುತ್ತದೆ, ಹೊರೆ ಅಲ್ಲ. ಆದರೆ ನಮ್ಮನೆಗೆ ಕೆಲಸಕ್ಕೆ ಬರುವ ಅಕ್ಕನಿಗೂ ಬಿಪಿ ಇದೆ, ಅವಳ ಗಂಡನಿಗೂ ಇದೆ. ಅವಳು ಉಪ್ಪಿಗೆ ಅಷ್ಟು ದುಡ್ಡು ಯಾಕೆ ಕೊಟ್ಟಾಳು? ಚೀನಾದ ಹಳ್ಳಿಗಳಿಗೆ ಅದನ್ನು ಪುಕ್ಕಟೆ ಕೊಟ್ಟಿದ್ದರು ಅನ್ನುವುದನ್ನು ಮರೆಯಬಾರದು, ದುಡ್ಡು ಕೊಟ್ಟು ಕೊಳ್ಳಿ ಅಂದಿದ್ದರೆ ಎಷ್ಟು ಮನೆ ಕೊಳ್ಳುತ್ತಿತ್ತೋ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕಡೆಯ ದೇಶವ್ಯಾಪಿ ಸರ್ವೆಯ ಪ್ರಕಾರ ನಾವು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತೇವೆ, ಇರಬೇಕಾದದ್ದು 5ರ ಒಳಗೆ. ಅದರಲ್ಲಿ ಹೆಚ್ಚಿನ ಪಾಲು ಮನೆ ಒಲೆಯ ಮೇಲೇ ಬೀಳುವ ಉಪ್ಪು. ಅಂದರೆ ಡಬ್ಬಿಯಲ್ಲಿರುವ ಉಪ್ಪನ್ನು ಬದಲಾಯಿಸಿದರೆ ಫಲ ಸಿಗುವ ದೇಶ ನಮ್ಮದು. ರೇಷನ್ ಅಂಗಡಿಯಲ್ಲಿ ಮಾಮೂಲಿ ಉಪ್ಪಿನ ಬೆಲೆಗೇ ಇದು ಸಿಗಬೇಕು, ಜೊತೆಗೆ ಆಶಾ ಕಾರ್ಯಕರ್ತೆಯರು ಕಿಡ್ನಿ ತೊಂದರೆ ಇದ್ದ ಮನೆಗಳಿಗೆ ಮೊದಲೇ ಹೇಳಿರಬೇಕು.

ಯುಗಾದಿಯ ಮೇಲೆ ಅತ್ತೆ ಇನ್ನೊಂದು ಡಬ್ಬಿ ತಂದಿಟ್ಟಿದ್ದಾರೆ, ಕೆಂಪು ಮುಚ್ಚಳದ್ದು. ಅದರಲ್ಲಿ ಮಾಮೂಲಿ ಅಯೋಡಿನ್ ಉಪ್ಪು. ಮೇಲೆ ಬಿಳಿ ಪಟ್ಟಿ ಅಂಟಿಸಿ ಅವರ ಕೈಯಕ್ಷರದಲ್ಲೇ "ಭಾವನವರಿಗೆ" ಅಂತ ಬರೆದಿದ್ದಾರೆ. ದೊಡ್ಡ ಮಾವ ಮುಂದಿನ ವಾರ ಬರುತ್ತಿದ್ದಾರೆ.